ಮೇಜಿನ ಮೇಲಣ ಯುದ್ಧಕ್ರೀಡೆಯೂ ಅದರ ಮರ್ಯಾದೆಯೂ

ಕುರುಕ್ಷೇತ್ರದಲ್ಲಿ ಯುದ್ಧವು ಮೊದಲಾಗುವುದಕ್ಕೆ ಮುನ್ನ ಉಭಯಪಕ್ಷದವರೂ ಕಲೆತು, ರಥಿಕನು ರಥಿಕನೊಡನೆಯೇ ಕಾದಬೇಕು, ಶಸ್ತ್ರಹೀನನನ್ನು ಹೊಡೆಯಕೂಡದು ಎಂಬಿವೇ ಮೊದಲಾದ ಒಡಂಬಡಿಕೆಗಳನ್ನು ಮಾಡಿಕೊಂಡರೆಂದು ಭೀಷ್ಮಪರ್ವವು ಹೇಳುತ್ತದೆ. ಅವು ಮುರಿದುಬಿದ್ದ ಕಥೆಯನ್ನು ವಾಚಕರು ಬಲ್ಲರು. ನಿಯಮವನ್ನು ಮಾಡುವುದು ಸುಲಭ. ತನಗೆ ಪ್ರತಿಕೂಲವಾದಾಗಲೂ ಅದನ್ನು ಪಾಲಿಸುವುದು ಕಷ್ಟ. ನಿಜವಾದ ಯುದ್ಧಕ್ಕೆ ಸಲ್ಲುವ ಈ ಮಾತು ಮೇಜಿನ ಮೇಲೆ ಆಡುವ ಯುದ್ಧಕ್ರೀಡೆಗೂ ಸಲ್ಲುತ್ತದೆ. ಇನ್ನೂರು ವರ್ಷಗಳಲ್ಲಿ ಆ ಕ್ರೀಡೆಯ ಆಚಾರವು ಹೇಗೆ ಮಾರ್ಪಟ್ಟಿತೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಚದುರಂಗವೂ ಯುದ್ಧದ ಅನುಕರಣವೇ. ಆದರೆ ಅದರ ಮಣೆಯಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಶತ್ರುವಿನ ಬಲವೆಲ್ಲ ಕಣ್ಣೆದುರಿಗೇ ಇರುವುದು. ಈ ಕೊರತೆಯನ್ನು ನೀಗುವುದಕ್ಕಾಗಿ ಪ್ರಷ್ಯಾ ದೇಶದ ಫಿರಂಗಿದಳದ ಅಧಿಕಾರಿ ರೈಸ್‌ವಿಟ್ಸ್ ಎಂಬಾತನು, ತನ್ನ ತಂದೆಯು ಆರಂಭಿಸಿದ್ದ ಕಾರ್ಯವನ್ನು ಮುಂದುವರಿಸಿ, 1824ರಲ್ಲಿ ಒಂದು ನಿಯಮಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಮಣೆಗೆ ಬದಲಾಗಿ 1:8000 ಪ್ರಮಾಣದ ಭೂಪಟವಿತ್ತು. ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಒಪ್ಪಿಸುವರು. ಆತನು ದಾಳವನ್ನು ಉರುಳಿಸಿ, ಕೋಷ್ಟಕವನ್ನು ನೋಡಿ ನಷ್ಟವನ್ನು ಗಣಿಸಿ, ಯಾರ ಕಣ್ಣಿಗೆ ಎಷ್ಟು ಕಾಣಬಹುದೋ ಅಷ್ಟನ್ನೇ ಅವರಿಗೆ ತೋರಿಸುವನು. ಸೇನೆಯ ಆಟವಾದ್ದರಿಂದ ಮಧ್ಯಸ್ಥನ ತೀರ್ಪಿಗೆ ತಲೆಬಾಗುವುದೇ ಅಲ್ಲಿಯ ಮರ್ಯಾದೆ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯನ್ ಸೇನಾನಿಯು, ದಾಳ ಕೋಷ್ಟಕಗಳಿಂದ ಆಟವು ನಿಧಾನವಾಗುವುದೆಂದೂ ಅನುಭವಶಾಲಿಯಾದ ಮಧ್ಯಸ್ಥನ ವಿವೇಕವೇ ಸಾಕೆಂದೂ ಪ್ರತಿಪಾದಿಸಿದನು.

ಅಧಿಕಾರಕ್ಕೆ ತಲೆಬಾಗುವ ಈ ಪದ್ಧತಿಯ ಅಪಾಯವು 1942ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮಿಡ್‌ವೇ ದಂಡಯಾತ್ರೆಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ಯಮಾಟೊ ಎಂಬ ಯುದ್ಧನೌಕೆಯಲ್ಲಿ ಆ ಯುದ್ಧವನ್ನು ಮೇಜಿನ ಮೇಲೆ ಆಡಿನೋಡಿದರು. ದಾಳದ ಪ್ರಕಾರ ಅವರ ವಿಮಾನವಾಹಕ ನೌಕೆಗಳಿಗೆ 9 ಪೆಟ್ಟುಗಳು ತಗುಲಿ, ಅಕಾಗಿ, ಕಾಗಾ ಎಂಬೆರಡು ನೌಕೆಗಳು ಮುಳುಗಬೇಕಾಯಿತು. ಅಧ್ಯಕ್ಷನಾಗಿದ್ದ ಉಗಾಕಿಯು ಪೆಟ್ಟುಗಳನ್ನು 3ಕ್ಕೆ ಇಳಿಸಿ, ಒಂದೇ ನೌಕೆ ಮುಳುಗಿತೆಂದು ವಿಧಿಸಿದನು. ಮುಂದಿನ ಆಟದಲ್ಲಿ ಅದೂ ಮತ್ತೆ ತೇಲಿಬಂದಿತು. ಫುಚಿದಾ, ಒಕುಮಿಯಾ ಎಂಬ ನೌಕಾಧಿಕಾರಿಗಳು ಯುದ್ಧಾನಂತರ ಬರೆದ ಗ್ರಂಥದಿಂದ ಇದು ತಿಳಿದುಬರುತ್ತದೆ. ಜೂನ್ ತಿಂಗಳ ನಿಜವಾದ ಯುದ್ಧದಲ್ಲಿ ಆ ಎರಡೂ, ಅವುಗಳೊಡನೆ ಇನ್ನೆರಡೂ ಸಮುದ್ರದ ಪಾಲಾದುವು. ದಾಳವನ್ನು ತಿದ್ದಬಹುದು, ಸಮುದ್ರವನ್ನು ತಿದ್ದಲಾಗದು.

ಈ ನಡುವೆ ಯುದ್ಧಕ್ರೀಡೆಯು ಸೇನೆಯನ್ನು ದಾಟಿ ಗೃಹಗಳನ್ನು ಪ್ರವೇಶಿಸಿತ್ತು. ಆಂಗ್ಲ ಗ್ರಂಥಕರ್ತ ಎಚ್. ಜಿ. ವೆಲ್ಸನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದನು. ನೆಲದ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ ಆಟದ ಫಿರಂಗಿಯಿಂದ ಹೊಡೆಯುವುದು, ಬಿದ್ದವನು ಸತ್ತಂತೆ. ಮಿತ್ರರು ಮಿತ್ರರೊಡನೆ ಆಡುವ ಆಟವಾದ್ದರಿಂದ ಸೌಜನ್ಯವೇ ಬಹುಮಟ್ಟಿಗೆ ನಿಯಮವಾಗಿತ್ತು. ಈ ಆಟವನ್ನಾಡಿದವರಿಗೆ ನಿಜವಾದ ಮಹಾಯುದ್ಧವು ಎಂತಹ ಅವಿವೇಕವೆಂಬುದು ಮನದಟ್ಟಾಗುವುದೆಂದು ವೆಲ್ಸನು ಆಶಿಸಿದ್ದನು. ಮರುವರ್ಷವೇ ಯೂರೋಪು ಹೊತ್ತಿ ಉರಿಯಿತು.

ಅಮೆರಿಕಾದಲ್ಲಿ ಚಾರ್ಲ್ಸ್ ರಾಬರ್ಟ್ಸ್ ಎಂಬಾತನು 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಪ್ರಕಟಿಸಿ, 1958ರಲ್ಲಿ ಅವಲಾನ್ ಹಿಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಪೆಟ್ಟಿಗೆಯಲ್ಲಿ ಬಂದ ಆಟದೊಡನೆ ಮಧ್ಯಸ್ಥನು ಬರುವುದಿಲ್ಲವಷ್ಟೆ! ಆದುದರಿಂದ ಸಕಲ ಸಂದೇಹಗಳಿಗೂ ಅಚ್ಚಾದ ನಿಯಮವೇ ಉತ್ತರ ಹೇಳಬೇಕಾಯಿತು. ಮೀಮಾಂಸಕರು ವಿಧಿವಾಕ್ಯಗಳನ್ನು ಚರ್ಚಿಸುವಂತೆ ಆಟಗಾರರು ಅಕ್ಷರಾರ್ಥವನ್ನು ಚರ್ಚಿಸತೊಡಗಿದರು. ದೂರದಲ್ಲಿದ್ದವರು ಅಂಚೆಯ ಮೂಲಕ ಆಡುವಾಗ ದಾಳವನ್ನು ಉರುಳಿಸುವವರಾರು? ಮುಂದಿನ ಒಂದು ದಿನದ ಷೇರುಪೇಟೆಯ ವರದಿಯಲ್ಲಿ, ಮೊದಲೇ ಗೊತ್ತುಮಾಡಿದ ಒಂದು ಷೇರಿನ ಅಂಕಿಯನ್ನು ದಾಳವೆಂದೆಣಿಸುವ ಉಪಾಯವನ್ನು ಕಂಡುಕೊಂಡರು. ಇದರಲ್ಲಿ ಶಕುನಿಗೆ ಎಡೆಯಿರಲಿಲ್ಲ.

1983ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯವರು ‘ವಾರ್‌ಹ್ಯಾಮರ್’ ಎಂಬ ಆಟವನ್ನು ಹೊರತಂದರು. ಅಂಗಡಿಗಳಲ್ಲಿಯೂ ಪಂದ್ಯಗಳಲ್ಲಿಯೂ ಅಪರಿಚಿತರು ಎದುರುಬದುರಾಗಿ ಕುಳಿತರು; ಹೊಸ ಆಚಾರಗಳು ಬೇಕಾದುವು. ಎದುರಾಳಿಯು ಬಹುಕಾಲ ಶ್ರಮಿಸಿ ಬಣ್ಣ ಬಳಿದ ಬೊಂಬೆಯನ್ನು ಅನುಮತಿಯಿಲ್ಲದೆ ಮುಟ್ಟಬಾರದು. ಓರೆಯಾಗಿ ನಿಂತ ದಾಳವನ್ನು ಮರಳಿ ಉರುಳಿಸಬೇಕು. ಆಟ ಮುಗಿದಮೇಲೆ ಕೈಕುಲುಕಬೇಕು. ಮೊದಲು ದೂರವನ್ನು ಕಣ್ಣಂದಾಜಿನಿಂದಲೇ ತಿಳಿದು ಗುರಿಯನ್ನು ಸಾರಬೇಕಾಗಿತ್ತು. ‘ವಾರ್‌ಹ್ಯಾಮರ್ 40,000’ದ 2012ರ ಆವೃತ್ತಿಯು ಯಾವಾಗ ಬೇಕಾದರೂ ಅಳೆಯಬಹುದೆಂದು ವಿಧಿಸಿತು. ಕಣ್ಣಿನ ಚಾತುರ್ಯಕ್ಕೆ ಬೆಲೆ ತಗ್ಗಿದರೂ ಕಲಹಕ್ಕೆ ಒಂದು ಕಾರಣವು ತಪ್ಪಿತು. ಸ್ಪೇನ್ ದೇಶದ ಪಂದ್ಯವೊಂದರಲ್ಲಿ ಒಬ್ಬನು ನಾಟ್ಸಿ ಚಿಹ್ನೆಗಳನ್ನು ಧರಿಸಿ ಬಂದ ತರುವಾಯ, 2021ರಲ್ಲಿ ಅದೇ ಸಂಸ್ಥೆಯು ದ್ವೇಷಪ್ರಚಾರಕರ ಚಿಹ್ನೆಗಳನ್ನು ಧರಿಸುವವರಿಗೆ ತನ್ನ ಪಂದ್ಯಗಳಲ್ಲಿ ಸ್ಥಳವಿಲ್ಲವೆಂದು ಸಾರಿತು. ದಾಳದ ವಿಷಯದಲ್ಲಿ ಮಾತ್ರವೇ ಅಲ್ಲ, ಎದುರಿಗೆ ಕುಳಿತ ಮನುಷ್ಯನ ವಿಷಯದಲ್ಲಿಯೂ ಮರ್ಯಾದೆಯುಂಟೆಂಬುದು ಹೀಗೆ ಲಿಖಿತ ನಿಯಮವಾಯಿತು.

ನಿರ್ಣಯಾಧಿಕಾರವು ಹೀಗೆ ಮಧ್ಯಸ್ಥನಿಂದ ಮಿತ್ರನಿಗೂ, ಮಿತ್ರನಿಂದ ಗ್ರಂಥಕ್ಕೂ ಸಾಗಿಬಂದಿತು. ಆದರೂ ಗ್ರಂಥವು ಮೌನವಾಗಿರುವ ಸಂದರ್ಭಗಳು ಉಳಿದೇ ಉಳಿಯುತ್ತವೆ. ಅಂಥಲ್ಲಿ ಒಮ್ಮತವಾಗದಿದ್ದರೆ ಒಂದು ದಾಳವನ್ನು ಉರುಳಿಸಿ, ಬಂದ ಫಲವನ್ನು ಇಬ್ಬರೂ ಒಪ್ಪಿ ಆಟವನ್ನು ಮುಂದುವರಿಸಬೇಕೆಂದು ವಾರ್‌ಹ್ಯಾಮರಿನ ನಿಯಮಗ್ರಂಥಗಳೇ ಹೇಳುತ್ತವೆ. ಯಮಾಟೊ ನೌಕೆಯಲ್ಲಿ ಇಲ್ಲದೆಹೋದುದು ಈ ಒಪ್ಪಿಗೆಯೇ. ಮೇಜಿನ ಮೇಲೆ ಸೋಲನ್ನು ಸೋಲೆಂದು ಒಪ್ಪಿಕೊಂಡಿದ್ದರೆ ಆ ನಾವಿಕರ ಗತಿಯು ಬೇರೆಯಾಗುತ್ತಿತ್ತೋ ಏನೋ!