ಬಳುಕುವ ಚಾಸಿ, ಬೆಸೆಯುವ ಕಸುಬು

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಚಾಸಿ ಬಳುಕುತ್ತಿತ್ತು. ಕಾರನ್ನು ರೂಪಿಸಿದವರಿಗೆ ಬೇಕಾಗಿದ್ದೂ ಅದೇ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು, ಮುಂದೊಂದು ಹಿಂದೊಂದು ಅಡ್ಡಲಾಗಿ ಕೂರಿಸಿದ ಲೀಫ್ ಸ್ಪ್ರಿಂಗು. ಅಮೆರಿಕದ ಹಳ್ಳಿಗಳ ಕೊರಕಲು ಹಾದಿಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಚಾಸಿಯೂ ಒಂದಿಷ್ಟು ತಿರುಚಿಕೊಂಡು ಉಳಿದ ಚಕ್ರಗಳು ನೆಲ ಬಿಡದಂತೆ ನೋಡಿಕೊಳ್ಳುತ್ತಿತ್ತು. ಇಂಥ ಕಾರಿಗೆ ಮುತುವರ್ಜಿಯಿಂದ ದಪ್ಪ ತಗಡು ಬೆಸೆದು ಗಟ್ಟಿ ಮಾಡಿದರೆ ಅದು ಉಪಕಾರವಾಗುವುದಿಲ್ಲ. ಬಳುಕಲಾಗದ ಒತ್ತಡ ಮುಂದಿನ ರಿವೆಟ್ಟಿಗೋ ಬ್ರಾಕೆಟ್ಟಿಗೋ ಹೋಗಿ ಅಲ್ಲಿ ಬಿರುಕು ಬಿಡಿಸುತ್ತದೆ. ಈ ಪಾಠವನ್ನು ಹಳೆಯ ಕಾರುಗಳ ಕಸುಬುದಾರರು ಒಮ್ಮೆಗೇ ಕಲಿತವರಲ್ಲ; ವಾಹನದ ರಚನೆ ಬದಲಾದಾಗಲೆಲ್ಲ ಹೊಸದಾಗಿ ಕಲಿಯಬೇಕಾಯಿತು.

ಮೊದಮೊದಲು ಈ ಕೆಲಸ ಕಮ್ಮಾರಿಕೆಗೆ ಹತ್ತಿರವಾಗಿತ್ತು. ಬಾಗಿದ ತೊಲೆಯನ್ನು ಕಾಯಿಸಿ ಬಡಿಯುವುದು, ಸೀಳಿದ ಕಡೆ ಪಟ್ಟಿಯಿಟ್ಟು ರಿವೆಟ್ ಹೊಡೆಯುವುದು. ಆದರೆ ಶಾಖ ಕೊಟ್ಟು ಹದ ಮಾಡಿದ ಉಕ್ಕನ್ನು ಮತ್ತೆ ಕೆಂಪಗೆ ಕಾಯಿಸಿದರೆ ಹದ ಕೆಡುತ್ತದೆ. ತೊಲೆ ಬಾಗುವಾಗ ಹೆಚ್ಚಿನ ಒತ್ತಡ ಬೀಳುವುದು ಅದರ ಮೇಲಂಚು ಕೆಳಂಚುಗಳಿಗೆ, ಹಾಗಾಗಿ ಅಲ್ಲಿ ತೂತು ಕೊರೆಯಬಾರದು, ಅಡ್ಡಲಾಗಿ ಬೆಸುಗೆ ಎಳೆಯಬಾರದು. ತೇಪೆಯ ತುದಿಗಳನ್ನು ನೇರ ಕತ್ತರಿಸದೆ ಓರೆಯಾಗಿ, ವಜ್ರಾಕೃತಿಯಲ್ಲಿ ಬಿಡುವ ರೂಢಿ ಬಂದದ್ದೂ ಇದಕ್ಕಾಗಿಯೇ. ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಬಂದು ನಿಂತರೆ ಆ ಗೆರೆಯಲ್ಲೇ ತೊಲೆ ಮುರಿಯುತ್ತದೆ.

ಆಟ ಬದಲಾದದ್ದು ಚಕ್ರಗಳನ್ನು ಚಾಸಿಗೆ ಜೋಡಿಸುವ ಸಸ್ಪೆನ್ಷನ್ನಿನಿಂದ. ಇಟಲಿಯ ಲಾನ್ಸಿಯಾ ಲಾಂಬ್ಡಾ 1922ರಲ್ಲೇ ಮುಂದಿನ ಎರಡು ಚಕ್ರಗಳನ್ನು ಪರಸ್ಪರ ಬಿಡಿಸಿತ್ತು. ಮೈಯೇ ಭಾರ ಹೊರುವ ರಚನೆಯೂ ಆ ಕಾರಿನಲ್ಲಿತ್ತು. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಕ್ಯಾಡಿಲಾಕ್‌ಗೆ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರ್, ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿದ್ದರೆ ಕಾರು ಕುಪ್ಪಳಿಸುವುದು ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟರು. ಜನರಲ್ ಮೋಟಾರ್ಸ್‌ನ 1934ರ ಕಾರುಗಳಿಗೆ ಸ್ವತಂತ್ರ ಮುಂಗಾಲಿ ಸಸ್ಪೆನ್ಷನ್ ಬಂತು. ಆದರೆ ಮೆದು ಸ್ಪ್ರಿಂಗು ಕೆಲಸ ಮಾಡಬೇಕಾದರೆ ಅದು ಊರಿ ನಿಲ್ಲುವ ಜಾಗ ಗಟ್ಟಿಯಿರಬೇಕು. ಹಾಗಾಗಿ ಏಣಿಯಂತಿದ್ದ ಚಾಸಿಯ ನಡುವೆ ಎಕ್ಸ್ ಆಕಾರದ ತೊಲೆಗಳು ಸೇರಿಕೊಂಡವು.

ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಹಳೆಯ ಫೋರ್ಡ್‌ಗೆ ದೊಡ್ಡ ಎಂಜಿನ್ ತುಂಬಿ ಓಡಿಸುವ ಹಾಟ್ ರಾಡ್ ಹುಡುಗರಿಗೆ ಈ ಎಕ್ಸ್ ಕೂಡ ಸಾಲಲಿಲ್ಲ. ಅವರು ಕಂಡುಕೊಂಡ ಉಪಾಯ ಇಂದಿಗೂ ನಡೆಯುತ್ತಿದೆ: 'ಸಿ' ಆಕಾರದ ತೊಲೆಯ ತೆರೆದ ಬದಿಗೆ ತಗಡು ಬೆಸೆದು ಪೆಟ್ಟಿಗೆ ಮಾಡುವುದು. ಊದುಬತ್ತಿಯ ರಟ್ಟಿನ ಡಬ್ಬಿಯ ಒಂದು ಬದಿ ಕತ್ತರಿಸಿ ತಿರುಚಿ ನೋಡಿದವರಿಗೆ ಇದರ ಮರ್ಮ ಗೊತ್ತು. 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ತೊಲೆಯೊಂದನ್ನು ಹೀಗೆ ಮುಚ್ಚಿದರೆ ತಿರುಚನ್ನು ತಡೆಯುವ ಬಿಗಿ, ಸರಳ ಲೆಕ್ಕದ ಪ್ರಕಾರ, 500 ಪಟ್ಟಿಗೂ ಮಿಕ್ಕಿ ಏರುತ್ತದೆ. ಬಾಗನ್ನು ತಡೆಯುವ ಬಿಗಿ ಮಾತ್ರ ಆ ಪ್ರಮಾಣದಲ್ಲಿ ಏರುವುದಿಲ್ಲ. ಹಾಗಾಗಿ ನಡು ಜೋತುಬಿದ್ದ ಚಾಸಿಗೆ ಇದೊಂದನ್ನೇ ಮದ್ದೆಂದು ನಂಬಿದವರು ದುಡ್ಡು ಕಳೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಚಾಸಿಯೇ ಮಾಯವಾಗತೊಡಗಿತ್ತು. 1934ರ ಸಿತ್ರೋಎನ್ ಟ್ರಾಕ್ಷನ್ ಅವಾಂ ಬಂದಮೇಲೆ ತಗಡಿನ ಮೈಯೇ ಭಾರ ಹೊರುವ ಮಾನೊಕಾಕ್ ರಚನೆ ಸಾಮಾನ್ಯ ಕಾರುಗಳಿಗೂ ಹರಡಿತು. ರಿಪೇರಿಯವರ ನಿಜವಾದ ಪರೀಕ್ಷೆ ಇಲ್ಲಿ. ಬ್ರಿಟನ್ನಿನ ಎಂಜಿಬಿಯಂಥ ತೆರೆದ ಕಾರಿಗೆ ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ತುಕ್ಕು ಹಿಡಿದ ಸಿಲ್ಲನ್ನು ಆಧಾರವಿಲ್ಲದೆ ಕತ್ತರಿಸಿದರೆ ನಡು ಕುಸಿದು, ಹೊಸ ಸಿಲ್ ಬೆಸೆದಾದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಬಾಗಿಲ ಕಿಂಡಿಗೆ ಅಡ್ಡ ಪೈಪು ಬೆಸೆದು, ಕಾರು ತನ್ನ ಚಕ್ರಗಳ ಮೇಲೆ ಹೇಗೆ ಕೂರುತ್ತದೋ ಹಾಗೆಯೇ ಊರೆ ಕೊಟ್ಟು, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಕೈಹಾಕುವ ಕ್ರಮ ಇಂಥ ಪೆಟ್ಟು ತಿಂದೇ ರೂಪುಗೊಂಡದ್ದು. ಅಳತೆಯ ಬೆಂಚು, ಮೈಯನ್ನು ಅಲುಗದಂತೆ ಹಿಡಿಯುವ ಜಿಗ್‌ಗಳು ಬಂದವು. ಎಂಜಿಬಿಯ ಮಟ್ಟಿಗೆ ಇನ್ನೊಂದು ದಾರಿಯೂ ತೆರೆಯಿತು: ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಬಳಸಿ 1988ರಲ್ಲಿ ಇಡೀ ಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿತು.

1964ರ ಫೋರ್ಡ್ ಮಸ್ಟಾಂಗ್ ಬೇರೆ ರೀತಿಯ ತಲೆನೋವು. ಅದರ ಮುಂದಿನ ಸ್ಪ್ರಿಂಗು ಕೂರುವುದು ತಗಡಿನ ಗೋಪುರಗಳ ಕೆಳಗೆ. ಎಂಜಿನ್ನಿನ ಭಾರ, ರಸ್ತೆಯ ಹೊಡೆತ ಸೇರಿ ವರ್ಷಗಳು ಕಳೆದಂತೆ ಗೋಪುರಗಳು ಒಳಕ್ಕೆ ವಾಲಿ ಬಿರುಕು ಬಿಡುತ್ತವೆ. ಕೆಟ್ಟ ರಸ್ತೆಗಳ ದೇಶಗಳಿಗೆ ಕಳಿಸುವ ಕಾರುಗಳಿಗೆಂದು ಫೋರ್ಡ್ ಮಾಡಿದ ಒಂದೇ ತುಂಡಿನ ಊರೆಪಟ್ಟಿ, ಗೋಪುರಗಳನ್ನು ಹಿಂದಿನ ಗೋಡೆಗೆ ಕಟ್ಟುತ್ತದೆ. ರಫ್ತಿನ ಈ ಬಿಡಿಭಾಗವೇ ಇಂದು ಮಸ್ಟಾಂಗ್ ಕಟ್ಟುವವರ ಮೊದಲ ಖರೀದಿಗಳಲ್ಲೊಂದು. ಮಸ್ಟಾಂಗ್‌ನದೇ ವೇಗದ ರೂಪವಾದ ಶೆಲ್ಬಿ ಜಿಟಿ350 ತಂದ ಇನ್ನೊಂದು ಬದಲಾವಣೆ ಹೆಚ್ಚು ಜಾಣತನದ್ದು: ಮುಂದಿನ ಸಸ್ಪೆನ್ಷನ್ನಿನ ಮೇಲಿನ ತೋಳಿನ ತಿರುಗಣೆಯನ್ನು ಸುಮಾರು 1 ಇಂಚು ಕೆಳಗಿಳಿಸಿದ್ದು. ತಗಡು ಸೇರಿಸಲಿಲ್ಲ, ತೂಕ ಹೆಚ್ಚಲಿಲ್ಲ, ಎರಡು ತೂತುಗಳ ಜಾಗ ಬದಲಾಯಿತು ಅಷ್ಟೆ. ತಿರುವಿನಲ್ಲಿ ಟೈರು ನೆಲವನ್ನು ಹಿಡಿಯುವ ಬಗೆಯೇ ಸುಧಾರಿಸಿತು.

ಲೋಟಸ್ ಇಲಾನ್‌ನ ಕಥೆಯಲ್ಲಿ ಜಾಣತನವೇ ಮುಳುವಾಯಿತು. 1962ರ ಈ ಪುಟ್ಟ ಕಾರಿಗೆ ಫೈಬರ್ ಗ್ಲಾಸ್ ಮೈ, ನಡುವೆ ಬೆನ್ನುಮೂಳೆಯಂಥ ಮಡಚಿದ ಉಕ್ಕಿನ ಚಾಸಿ. ಅದರ ಮುಂದಿನ ಅಡ್ಡತೊಲೆಯನ್ನು ಹೆಡ್‌ಲೈಟ್ ಎತ್ತುವ ನಿರ್ವಾತ ತೊಟ್ಟಿಯಾಗಿಯೂ ಬಳಸಿಕೊಂಡರು. ಒಂದೇ ಭಾಗಕ್ಕೆ ಎರಡು ಕೆಲಸ! ತೊಲೆಯೊಳಗೆ ನೀರು ಸೇರಿ ಒಳಗಿಂದಲೇ ತುಕ್ಕು ತಿಂದಿತು. ತೇಪೆ ಹಾಕುವುದಕ್ಕಿಂತ ಸತು ಲೇಪಿಸಿದ ಹೊಸ ಚಾಸಿಯನ್ನೇ ಕೂರಿಸುವುದು ವಾಡಿಕೆಯಾಯಿತು. 1948ರಿಂದ ತಗಡುಗಳನ್ನು ಪೆಟ್ಟಿಗೆಯಾಗಿ ಬೆಸೆದು ಚಾಸಿ ಮಾಡುತ್ತಿದ್ದ ಲ್ಯಾಂಡ್ ರೋವರ್‌ಗೂ ಇದೇ ಮದ್ದು.

ಚಾಸಿಯನ್ನೇ ಬದಲಾಯಿಸಿದ ಮೇಲೆ ಕಾರು ಹಳೆಯದೇ? ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹಳ ಕಾಲ ಇದಕ್ಕೆ ಅಂಕ ಕೊಟ್ಟು ಉತ್ತರಿಸುತ್ತಿತ್ತು. ಮೂಲ ಚಾಸಿಗೆ ಅಥವಾ ಅದೇ ಮಾದರಿಯ ಹೊಸದಕ್ಕೆ 5 ಅಂಕ, ಸಸ್ಪೆನ್ಷನ್‌ಗೆ 2, ಎಂಜಿನ್‌ಗೆ ಬರೀ 1; ಹಳೆಯ ನಂಬರ್ ಉಳಿಯಲು ಒಟ್ಟು 8 ಬೇಕಿತ್ತು. ಭಾರತದಲ್ಲಿ 2021ರ ನಿಯಮ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಸರಣಿಯ ನಂಬರ್ ಕೊಡುತ್ತದೆ, ಆದರೆ ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎನ್ನುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹಳೆಯ ಅಂಬಾಸಡರ್ ಎತ್ತಿ ನಿಲ್ಲಿಸುವವರಿಗೆ ಈ ಮಾತು ನೇರವಾಗಿ ತಾಗುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಎಂಬ ಬ್ರಿಟಿಷ್ ಕಾರಿನಿಂದ ಬಂದ ಅಂಬಾಸಡರ್ ಕೂಡ ಮಾನೊಕಾಕ್. ಹಿಂದೆ ಲೀಫ್ ಸ್ಪ್ರಿಂಗು, ಹಳೆಯ ಮಾದರಿಗಳಲ್ಲಿ ಮುಂದೆ ಟಾರ್ಷನ್ ಬಾರ್. 1970ರ ದಶಕದ ಮೊದಲ ವರ್ಷಗಳ ಅಂಬಾಸಡರ್‌ಗಳು ಈಗಾಗಲೇ 50 ದಾಟಿವೆ. ತುಕ್ಕು ತಿಂದ ಭಾಗವನ್ನು ಅದೇ ದಪ್ಪದ ತಗಡಿನಿಂದ, ಅದೇ ಆಕಾರದಲ್ಲಿ ಮರಳಿ ಕಟ್ಟುವುದಕ್ಕೂ, ಹೊಸ ಎಂಜಿನ್ನಿನ ಆಸೆಗೆ ಮುಂಭಾಗ ಕತ್ತರಿಸುವುದಕ್ಕೂ ಇರುವ ಅಂತರ ದಾಖಲೆಯಿಲ್ಲದಿದ್ದರೆ ಯಾರಿಗೂ ಕಾಣದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಸನ್ನದು, ಬದಲಿಸಿದ ಭಾಗಗಳಿಗೆ ಗುರುತು ಹಾಕಿ ಎನ್ನುತ್ತದೆ. ಹೊಸ ತಗಡಿನ ಒಳಬದಿಗೆ ಇಸವಿ ಕುಟ್ಟಿ, ಕತ್ತರಿಸುವ ಮುಂಚಿನ ಅಳತೆ, ಫೋಟೊಗಳನ್ನು ಆರ್‌ಸಿ ಜೊತೆಗಿಡಲು ಹೆಚ್ಚಿನ ಖರ್ಚೇನೂ ಇಲ್ಲ.