ಪ್ರತಿ, ಅಂಕಿತ, ಕೃಪೆ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಬಗ್ಗೆ ಬರೆಯಹೊರಟವರಿಗೆ ಸಾಮಗ್ರಿಯ ಕೊರತೆಯಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಬಿಟ್ಟು ಹತ್ತು ಹನ್ನೆರಡು ಕಿಲೊಮೀಟರು ಒಳಕ್ಕೆ ಹೋದರೆ, ಶಿಂಷಾ ನದಿಗೆ ಸಮೀಪದಲ್ಲಿ ಈ ಊರು ಸಿಗುತ್ತದೆ. ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳಂತೆ ಈ ಹಕ್ಕಿಗಳನ್ನು ನೋಡಿಕೊಳ್ಳಬೇಕೆಂಬುದು ಊರಿನವರ ಭಾವನೆ. ಇಷ್ಟನ್ನೂ ಅಂತರ್ಜಾಲದ ಹತ್ತಾರು ಪುಟಗಳು ಹೇಳುತ್ತವೆ. ಬಹುಪಾಲು ಒಂದೇ ಕ್ರಮದಲ್ಲಿ, ಎಷ್ಟೋ ಕಡೆ ಅವವೇ ವಾಕ್ಯಗಳಲ್ಲಿ. ಕೆಲವು ಪುಟಗಳು ಮಾತ್ರ ಕೊನೆಯಲ್ಲಿ ಒಂದು ಸೌಜನ್ಯ ತೋರುತ್ತವೆ. ಇದನ್ನು ಇಂಥಲ್ಲಿಂದ ಪಡೆದಿದೆ ಎಂದು ತಿಳಿಸಿ, ಮೂಲಕ್ಕೆ ಒಂದು ಕೊಂಡಿ ಹಾಕಿರುತ್ತವೆ.

ಹೀಗೆ ಕೊಂಡಿ ಹಾಕಿ ಇಡೀ ಬರಹವನ್ನು ಎತ್ತಿಕೊಂಡವರನ್ನು ಏನೆಂದು ಕರೆಯಬೇಕು? ಕಳ್ಳರೆನ್ನೋಣವೆಂದರೆ ಒಡೆಯನ ಹೆಸರನ್ನು ಅವರೇ ಹೇಳಿದ್ದಾರೆ. ಸಾಲಗಾರರೆನ್ನೋಣವೆಂದರೆ ಕೇಳಿ ಪಡೆದವರಲ್ಲ. ಮೂಲ ಲೇಖಕನಿಗೆ ಸಿಟ್ಟು ಬರುತ್ತದೆ, ಆದರೆ ಆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯುವುದಿಲ್ಲ. ಇದು ಕಂಪ್ಯೂಟರು ತಂದಿತ್ತ ಹೊಸ ಸಂಕಟವೆಂದು ತೋರಿದರೂ ಹಾಗಲ್ಲ. ಕನ್ನಡದಲ್ಲಿ ಇದಕ್ಕೆ ಸಾವಿರ ವರ್ಷದ ಇತಿಹಾಸವಿದೆ.

ಮೊದಲಿಗೆ, ಕೊಂಡಿಯಿಂದ ಪ್ರಯೋಜನವೇನು ಎಂಬುದಕ್ಕೆ ಕೊಕ್ಕರೆ ಬೆಳ್ಳೂರಿನದೇ ಉದಾಹರಣೆಯಿದೆ. ಇಲ್ಲಿನ ಹಕ್ಕಿಗಳನ್ನು ಮೊದಲು ಗುರುತಿಸಿದವನು ಹತ್ತೊಂಬತ್ತನೆಯ ಶತಮಾನದ ಪಕ್ಷಿತಜ್ಞ ಟಿ.ಸಿ. ಜೆರ್ಡನ್ ಎಂದೂ, 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ತಾಣವನ್ನು ಮತ್ತೆ ಬೆಳಕಿಗೆ ತಂದರೆಂದೂ ಬಹಳ ಕಡೆ ಓದುತ್ತೇವೆ. ಎರಡನೆಯ ಮಾತಿನ ಬಗ್ಗೆ ತಕರಾರಿಲ್ಲ. ಮೊದಲನೆಯದರ ಬೆನ್ನು ಹತ್ತಿ, ಕೊಂಡಿಯಿಂದ ಕೊಂಡಿಗೆ ಹಿಂದಕ್ಕೆ ಸಾಗಿದರೆ, 1862ರಿಂದ 1864ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚಾದ ಜೆರ್ಡನ್‌ನ ಭಾರತದ ಪಕ್ಷಿಗಳ ಗ್ರಂಥವನ್ನು ಮುಟ್ಟುತ್ತೇವೆ. ಅಲ್ಲಿ ಅವನು ಹೇಳುವುದು ಇಷ್ಟೇ: ಕರ್ನಾಟಿಕ್ ಪ್ರದೇಶದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಒಂದು ತಾಣವನ್ನು ನೋಡಿದ್ದೇನೆ, ಗೂಡುಗಳು ಹಳ್ಳಿಯ ನಡುವಿನ ಗಿಡ್ಡ ಮರಗಳಲ್ಲೇ ಇದ್ದವು, ಮನುಷ್ಯರ ಸಾಮೀಪ್ಯಕ್ಕೆ ಹಕ್ಕಿಗಳು ಅಂಜುತ್ತಿರಲಿಲ್ಲ. ಊರಿನ ಹೆಸರು ಅಲ್ಲಿಲ್ಲ. ಆ ಕಾಲದ ಇಂಗ್ಲಿಷರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಸಾಮಾನ್ಯವಾಗಿ ಘಟ್ಟದ ಕೆಳಗಿನ ಮದರಾಸು ಕಡೆಯ ಬಯಲು, ಮೈಸೂರು ಸೀಮೆಯಲ್ಲ.

ವರ್ಣನೆ ಕೊಕ್ಕರೆ ಬೆಳ್ಳೂರಿಗೆ ಒಪ್ಪುತ್ತದೆ, ನಿಜ. ಆದರೆ ಹಳ್ಳಿಯೊಳಗಿನ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಊರುಗಳು ಆಂಧ್ರದಲ್ಲೂ ಇವೆ. ‘ಇರಬಹುದು’ ಎಂದು ಯಾರೋ ಊಹಿಸಿದ್ದು ನಕಲಿನಿಂದ ನಕಲಿಗೆ ದಾಟುವಾಗ ‘ಇದೇ’ ಎಂದಾಗಿಬಿಟ್ಟಂತೆ ಕಾಣುತ್ತದೆ. ಜೆರ್ಡನ್ ತೀರಿಕೊಂಡದ್ದು 1872ರಲ್ಲಿ. ಅವನ ಬರಹಕ್ಕೆ ಈಗ ಯಾವ ಹಕ್ಕುಸ್ವಾಮ್ಯವೂ ಇಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೂ ಮೂಲದ ವಿಳಾಸ ಇಲ್ಲದಿದ್ದರೆ ಈ ಗೊಂದಲ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕೊಂಡಿಯನ್ನು ನಾವು ಲೇಖಕನಿಗೆ ಸಲ್ಲುವ ಗೌರವವೆಂದೇ ಭಾವಿಸುತ್ತೇವೆ. ಓದುಗನಿಗೂ ಅದರಿಂದ ಅಷ್ಟೇ ಲಾಭವಿದೆ, ಏಕೆಂದರೆ ಅನುಮಾನ ಬಂದಾಗ ಹಿಂದಕ್ಕೆ ಹೋಗಿ ನೋಡುವ ದಾರಿ ಅದೊಂದೇ.

ಇನ್ನು ಇತಿಹಾಸಕ್ಕೆ ಬರೋಣ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವುದು ಅಪರಾಧವಲ್ಲ, ಪುಣ್ಯ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆ ಕಾವ್ಯವನ್ನು ಬರೆಸಿದವರಲ್ಲಿ ಅವಳ ತಂದೆ ಮಲ್ಲಪನೂ ಒಬ್ಬ. ಮನೆತನ ಬರೆಸಿದ ಕೃತಿ ಕಾಲನ ಬಾಯಿಗೆ ಬೀಳದಿರಲೆಂದು ಮಗಳು ಮಾಡಿದ ಉಪಾಯವದು. ಗೆದ್ದಲು, ಬೆಂಕಿ, ನೀರುಗಳ ನಡುವೆ ಒಂದು ಗ್ರಂಥ ಉಳಿಯಲು ಇದ್ದ ದಾರಿ ಪ್ರತಿ ಮಾಡುವುದೇ.

ಆ ಲೋಕದಲ್ಲಿ ಪ್ರತಿಕಾರನಿಗೂ ಒಂದು ನಿಯಮವಿತ್ತು. ಕೃತಿಯನ್ನು ಬರೆದು ಮುಗಿಸಿದ ಮೇಲೆ, ಯಾವ ಸಂವತ್ಸರ, ಯಾವ ತಿಥಿ, ಯಾರಿಗಾಗಿ ಬರೆದದ್ದು ಎಂದು ಕೊನೆಯ ಗರಿಯಲ್ಲಿ ನಮೂದಿಸುವ ರೂಢಿ ಇತ್ತು. ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೇನೆ, ತಪ್ಪೊಪ್ಪುಗಳಿಗೆ ನನ್ನನ್ನು ದೂರಬೇಡಿ ಎಂದು ಎಷ್ಟೋ ಮಂದಿ ವಿನಯದಿಂದ ಕೇಳಿಕೊಂಡಿದ್ದಾರೆ. ವಿನಯದ ಜೊತೆಗೆ ಜಾಣತನವೂ ಅದರಲ್ಲಿದೆಯೆನ್ನಿ! ಆದರೆ ಆ ಸಾಲುಗಳಿಂದಲೇ ಇಂದಿನ ಸಂಪಾದಕರು ಯಾವ ಪ್ರತಿ ಹಳೆಯದು, ಯಾವುದು ಯಾರ ಕೈಯದು ಎಂಬುದನ್ನು ಗುರುತಿಸುತ್ತಾರೆ.

ಪ್ರತಿಕಾರ ಪ್ರಾಮಾಣಿಕನಲ್ಲದಿದ್ದರೆ? ಅದಕ್ಕೆ ವಚನಕಾರರೂ ಹರಿದಾಸರೂ ಬಳಸಿದ ಅಂಕಿತವೇ ಒಂದು ಉತ್ತರವಾಗಿ ಒದಗಿತು. ಬಸವಣ್ಣನವರ ವಚನದಲ್ಲಿ ‘ಕೂಡಲಸಂಗಮದೇವ’, ಅಲ್ಲಮನಲ್ಲಿ ‘ಗುಹೇಶ್ವರ’, ಅಕ್ಕನಲ್ಲಿ ‘ಚೆನ್ನಮಲ್ಲಿಕಾರ್ಜುನ’, ದಾಸರಲ್ಲಿ ‘ಪುರಂದರವಿಠಲ’. ಇವು ಕವಿಯ ಹೆಸರುಗಳಲ್ಲ, ದೈವದ ಹೆಸರುಗಳು. ಆದರೂ ವಚನ ಎಲ್ಲಿಗೇ ಹೋಗಲಿ, ಯಾರೇ ಹಾಡಲಿ, ಯಾರೇ ಬರೆದುಕೊಳ್ಳಲಿ, ಹೇಳಿದವರ ಗುರುತು ಒಳಗೇ ಕೂತಿರುತ್ತದೆ. ಅಂಕಿತವನ್ನು ಕಿತ್ತರೆ ವಚನದ ನಡೆಯೇ ಕುಂಟುತ್ತದೆ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕುವ ಕೊಂಡಿಗಿಂತ ಇದು ಎಷ್ಟೋ ಭದ್ರವಾದ ಏರ್ಪಾಡು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳಿಂದ ಆರಿಸಿ ತೆಗೆದ ವಚನಗಳನ್ನು ಆಯಾ ಶರಣರ ಹೆಸರಿನಲ್ಲಿ ವಿಂಗಡಿಸಲು ದೊಡ್ಡ ಆಧಾರವಾದದ್ದು ಈ ಅಂಕಿತಗಳೇ.

ಅಂಕಿತವನ್ನು ಮುಟ್ಟಿದರೆ ಏನಾಗುತ್ತದೆಂಬುದನ್ನೂ ನಮ್ಮ ಕಾಲ ಕಂಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬಲ್ಲೆಲ್ಲ ‘ಲಿಂಗದೇವ’ ಎಂದು ಅಚ್ಚು ಹಾಕಿಸಿದರು. ಅದಕ್ಕೆ ಅವರದೇ ಆದ ಧಾರ್ಮಿಕ ಕಾರಣಗಳಿದ್ದವು. ನಾಡಿನಲ್ಲಿ ಗದ್ದಲವೆದ್ದು, 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಸರ್ಕಾರದ ಕ್ರಮ ಅಲ್ಲಿ ಊರ್ಜಿತವಾಯಿತು. ನಿಷೇಧಕ್ಕೆ ಕೊಟ್ಟ ಆಧಾರ ಭಕ್ತರ ಭಾವನೆಗೆ ಧಕ್ಕೆ ಎಂಬುದು. ಹಕ್ಕುಸ್ವಾಮ್ಯದ ಮಾತು ಅಲ್ಲಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಪುಸ್ತಕ ನಿಷೇಧ ಒಳ್ಳೆಯ ಮದ್ದೆಂದು ಈ ಲೇಖಕನಿಗೆ ಅನ್ನಿಸುವುದಿಲ್ಲ. ಆದರೆ ಎಂಟುನೂರು ವರ್ಷ ಕಳೆದರೂ ಮೂಲದ ಗುರುತು ಎಷ್ಟು ಜೀವಂತವಾದದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಚ್ಚಿನ ಮನೆ ಬಂದ ಮೇಲೆ ಪ್ರಶ್ನೆ ಬೇರೆ ರೂಪ ತಾಳಿತು. ಬರಹದಿಂದ ಹಣ ಹುಟ್ಟತೊಡಗಿದಾಗ ‘ಯಾರು ಬರೆದದ್ದು’ ಎಂಬುದರ ಜೊತೆಗೆ ‘ಯಾರು ಅಚ್ಚು ಹಾಕಬಹುದು’ ಎಂಬುದೂ ಸೇರಿಕೊಂಡಿತು. ಪತ್ರಿಕೆಗಳ ಮಟ್ಟಿಗೆ ಕಾನೂನು ಮೊದಲಿನಿಂದಲೂ ಸಡಿಲ. 1886ರ ಬರ್ನ್ ಒಪ್ಪಂದ 1908ರಲ್ಲಿ ಬರ್ಲಿನ್ನಿನಲ್ಲಿ ಪರಿಷ್ಕೃತವಾದಾಗ, ಕಥೆ ಕಾದಂಬರಿಗಳನ್ನು ಬಿಟ್ಟು ಒಂದು ಪತ್ರಿಕೆಯ ಲೇಖನವನ್ನು ಇನ್ನೊಂದು ಪತ್ರಿಕೆ ಮರುಮುದ್ರಿಸಬಹುದು, ಮೂಲದಲ್ಲಿ ಸ್ಪಷ್ಟ ನಿಷೇಧ ಇರಬಾರದು, ಮೂಲವನ್ನು ಹೆಸರಿಸಲೇಬೇಕು ಎಂದು ಬರೆದರು. ಇಂದಿನ ‘ನಕಲು ಮಾಡು, ಕೊಂಡಿ ಹಾಕು’ ಎಂಬ ಪದ್ಧತಿಯ ಅಜ್ಜನೇ ಇದು. ನಮ್ಮ 1957ರ ಕಾಯ್ದೆಯ 52ನೆಯ ಸೆಕ್ಷನ್ನಿನಲ್ಲೂ ಅದರ ನೆರಳಿದೆ. ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ ಅಥವಾ ಧಾರ್ಮಿಕ ವಿಷಯದ ಲೇಖನವನ್ನು, ಲೇಖಕ ಹಕ್ಕು ಕಾಯ್ದಿರಿಸಿಲ್ಲದಿದ್ದರೆ, ಬೇರೆ ಪತ್ರಿಕೆ ಪ್ರಕಟಿಸಬಹುದು. ಹೆಜ್ಜಾರ್ಲೆಯ ಬಗೆಗಿನ ಪ್ರಬಂಧ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೋ ವಕೀಲರೇ ಹೇಳಬೇಕು! ಈ ಬಗೆಯ ವಿನಾಯಿತಿಗಳನ್ನು ಬಿಟ್ಟರೆ, ಹೆಸರು ಹೇಳಿದ ಮಾತ್ರಕ್ಕೆ ಅಪ್ಪಣೆ ಸಿಕ್ಕಂತಾಗದು. ಅದೇ ಕಾಯ್ದೆಯ 57ನೆಯ ಸೆಕ್ಷನ್ನು ಲೇಖಕನಿಗೆ ಇನ್ನೆರಡು ಹಕ್ಕು ಕೊಡುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು ಮತ್ತು ತನ್ನ ಮಾನಕ್ಕೆ ಕುಂದಾಗುವಂತೆ ಅದನ್ನು ತಿರುಚುವುದನ್ನು ತಡೆಯುವುದು. ಹಕ್ಕುಸ್ವಾಮ್ಯವನ್ನು ಮಾರಿಕೊಂಡ ಮೇಲೂ ಇವೆರಡು ಉಳಿಯುತ್ತವೆ.

ನಮ್ಮ ಪತ್ರಿಕೆಗಳು ಈ ಸಂಬಂಧಕ್ಕೆ ‘ಕೃಪೆ’ ಎಂಬ ಸೊಗಸಾದ ಪದವನ್ನು ಬಳಸುತ್ತ ಬಂದಿವೆ. ಪದದಲ್ಲೇ ಕೊಟ್ಟವನ ಮನಸ್ಸಿನ ಸೂಚನೆಯಿದೆ. ಆದರೆ ಬಳಕೆ ಹೆಚ್ಚಾದಂತೆ ಪದ ಸವೆಯಿತು. ‘ಚಿತ್ರ ಕೃಪೆ: ಅಂತರ್ಜಾಲ’ ಎಂಬ ಒಕ್ಕಣೆಯನ್ನು ಓದುಗರು ನೋಡಿಯೇ ಇರುತ್ತಾರೆ. ನೀರು ಎಲ್ಲಿಂದ ತಂದೆ ಎಂದರೆ ಕೊಡದಿಂದ ಎಂದ ಹಾಗಾಯಿತು.

ಅಪ್ಪಣೆಯನ್ನು ಮೊದಲೇ ಕೊಟ್ಟುಬಿಟ್ಟರೆ? ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳು 2002ರಿಂದ ಈ ಕೆಲಸ ಮಾಡುತ್ತಿವೆ. ಅವುಗಳಲ್ಲೊಂದರ ಷರತ್ತು ಹೀಗೆ: ನಕಲು ಮಾಡಿ, ಹಂಚಿ, ಲೇಖಕನ ಹೆಸರು ಹೇಳಿ, ಬದಲಾಯಿಸಿದರೆ ಬದಲಾಯಿಸಿದ್ದೇವೆ ಎಂದು ತಿಳಿಸಿ, ಅದನ್ನೂ ಇದೇ ಷರತ್ತಿನಲ್ಲಿ ಹಂಚಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುತ್ತಿರುವುದು ಈ ತಳಹದಿಯ ಮೇಲೆ. 2014ರಲ್ಲಿ ಕಾದಂಬರಿಕಾರ ನಿರಂಜನ ಅವರ ಕೃತಿಗಳನ್ನು ಅವರ ಕುಟುಂಬದವರು ಇದೇ ರೀತಿಯಲ್ಲಿ ಬಿಡುಗಡೆ ಮಾಡಿದರು. ಅತ್ತಿಮಬ್ಬೆಯ ಸಾವಿರ ಪ್ರತಿಗೂ ಇದಕ್ಕೂ ಬಹಳ ದೂರವಿಲ್ಲ.

ಹಾಗೆ ಅಪ್ಪಣೆ ಕೊಡದ ಲೇಖಕ, ತನ್ನ ಬರಹ ಕೊಂಡಿಸಮೇತ ಬೇರೆಲ್ಲೋ ಕೂತಿರುವುದನ್ನು ಕಂಡಾಗ ಏನು ಮಾಡಬೇಕು? ಒಂದೆರಡು ಪ್ಯಾರಾ ಎತ್ತಿ ಕೊಂಡಿ ಹಾಕಿದ್ದರೆ ಜಗಳ ತೆಗೆಯುವುದು ದಂಡ. ಇಡೀ ಲೇಖನವೇ ಹೋಗಿದ್ದರೆ ಮಾತು ಬೇರೆ. ಎಲ್ಲವನ್ನೂ ಇಲ್ಲೇ ಓದಿದವನು ಕೊಂಡಿಯನ್ನು ಒತ್ತಿ ಅಲ್ಲಿಗೆ ಹೋಗುವುದೇಕೆ? ಹುಡುಕುಯಂತ್ರಗಳು ಒಂದೇ ಬರಹದ ಎರಡು ಪುಟ ಕಂಡಾಗ ಒಂದನ್ನಷ್ಟೇ ಮುಂದಿಡಲು ನೋಡುತ್ತವೆ. ಒಮ್ಮೊಮ್ಮೆ ನಕಲೇ ಮುಂದೆ ನಿಲ್ಲುವುದೂ ಉಂಟು. ಮೂಲ ಯಾವುದೆಂದು ಯಂತ್ರ ತಿಳಿಯಲು ಕೊಂಡಿ ಒಂದು ಸುಳಿವು. ಆದ್ದರಿಂದ ಮೊದಲು ಒಂದು ಪತ್ರ ಬರೆಯುವುದು ಮೇಲು: ‘ಮೊದಲ ಪ್ಯಾರಾ ಇಟ್ಟುಕೊಳ್ಳಿ, ಉಳಿದದ್ದಕ್ಕೆ ನಮ್ಮಲ್ಲಿಗೆ ಕಳಿಸಿ’ ಎಂದು. ಕೊಂಡಿ ಹಾಕಿದವನಿಗೆ ಮುಚ್ಚಿಡುವ ಉದ್ದೇಶ ಇಲ್ಲದ್ದರಿಂದ ಇಂಥ ಪತ್ರಕ್ಕೆ ಅವನು ಮಣಿಯುವ ಸಂಭವ ಹೆಚ್ಚು. ಮಣಿಯದವರಿಗೆ ಕಾನೂನಿದೆ. 2012ರ ತಿದ್ದುಪಡಿಯಂತೆ, ಆ ಪುಟಕ್ಕೆ ಜಾಗ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಟ್ಟರೆ ಅದು 21 ದಿನ ಪುಟವನ್ನು ತಡೆಹಿಡಿಯಬೇಕು. ಅಷ್ಟರಲ್ಲಿ ದೂರುದಾರ ನ್ಯಾಯಾಲಯದ ಆದೇಶ ತರಬೇಕು.

ಈ ಎಲ್ಲ ಏರ್ಪಾಡುಗಳೂ ಬರೆದವರಿಗೆ. ಹೇಳಿದವರ ಗತಿಯೇನು? ಕೊಕ್ಕರೆ ಬೆಳ್ಳೂರಿನ ಕಥೆಗಳಲ್ಲಿ ಬಹು ರೋಚಕವಾದದ್ದು ಜೆರ್ಡನ್‌ನದೂ ಅಲ್ಲ, ನೇಗಿನಹಾಳರದೂ ಅಲ್ಲ. ಊರು ಮೊದಲು ಶಿಂಷಾ ದಡದಲ್ಲಿತ್ತು, ಪ್ಲೇಗು ಬಂದಾಗ ಜನ ಈಗಿನ ಜಾಗಕ್ಕೆ ಗುಳೆ ಬಂದರು, ಹಕ್ಕಿಗಳೂ ಅವರ ಬೆನ್ನಹಿಂದೆಯೇ ಬಂದವು ಎಂಬುದು ಅಲ್ಲಿನ ಹಿರಿಯರ ಮಾತು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ ಎಂಬುದನ್ನು ನೆನೆದರೆ ಇದು ತಳ್ಳಿಹಾಕುವ ಮಾತಲ್ಲ. ಆದರೆ ಪುಟಗಳಲ್ಲಿ ಅದು ‘ಹೇಳಲಾಗುತ್ತದೆ’ ಎಂಬ ಕ್ರಿಯಾಪದದೊಳಗೆ ಮುಳುಗಿಹೋಗಿದೆ. ಯಾವ ಹಿರಿಯರು, ಯಾರಿಗೆ, ಯಾವ ವರ್ಷ ಹೇಳಿದ್ದೆಂಬ ವಿವರವಿಲ್ಲ; ಕೊಂಡಿ ಹಾಕಲು ಅವರಿಗೊಂದು ಪುಟವೂ ಇಲ್ಲ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದಾಗ, ಹಕ್ಕಿಗಳನ್ನು ಕಾಯ್ದವರು ಊರಿನವರೇ ಎಂಬುದನ್ನು ಕಾನೂನು ಒಪ್ಪಿಕೊಂಡಿತು. ಹಕ್ಕಿಗಳ ಕಥೆಯನ್ನು ಕಾಯ್ದವರೂ ಅವರೇ.

ಜೆರ್ಡನ್ ಕಂಡ ಹಳ್ಳಿ ಯಾವುದೇ ಇರಲಿ, ಹಕ್ಕಿಗಳು ತಲೆತಲಾಂತರದಿಂದ ಅಲ್ಲಿಗೆ ಬರುತ್ತಿವೆ ಎಂಬ ಮಾತಿಗೆ ಅವನು ಆವರಣ ಚಿಹ್ನೆಯೊಳಗೆ ಒಂದು ತುಣುಕು ಸೇರಿಸಿದ್ದಾನೆ: ಹಾಗೆಂದು ತನಗೆ ಹೇಳಿದರು, ಎಂದು. ಹೇಳಿದವರಾರೆಂದು ಅವನು ಬರೆಯಲಿಲ್ಲ. ಅವನನ್ನು ಹೆಸರಿಸುವ ಪುಟಗಳಲ್ಲಿ ಎಷ್ಟೋ ಕಡೆ ಆ ಆವರಣವೂ ಉಳಿದಿಲ್ಲ.