ಬಾಡಿಗೆ ಮನೆಯ ಚರಿತ್ರೆ: ಬರೋಡಾದ ಹನ್ನೊಂದು ದಿನ



ಹೊಸ ಊರಿಗೆ ಹೋಗೋರು ಏರಿಯಾ ಆರಿಸುವಾಗ ನೀರು, ಬಸ್ಸು, ಅಡ್ವಾನ್ಸು ನೋಡ್ತಾರೆ. ನಮ್ಮೋರ ಲೆಕ್ಕದಲ್ಲಿ ಇನ್ನೊಂದು ಕಾಲಂ ಇರುತ್ತೆ. "ನೀವು ಯಾವ ಪೈಕಿ?" ಅಂತ ಓನರ್ ಕೇಳ್ತಾರಲ್ಲ, ಅದು. ಆ ಕಾಲಂ ಎಷ್ಟು ಹಳೇದು ಅಂತ ಒಂಚೂರು ನೋಡೋಣ.

1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅನ್ನೋದು ಕರಾರು. ಅದರಂತೆ 1917ರಲ್ಲಿ ಬರೋಡಾಕ್ಕೆ ಬಂದರು. ಕೆಲಸ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ. ಹುದ್ದೆ ಇತ್ತು, ಸಂಬಳ ಇತ್ತು. ಮಲಗೋಕೆ ಜಾಗ ಇರಲಿಲ್ಲ.

ಹಿಂದೂ ಹೋಟೆಲಿಗೆ ಜಾತಿ ಮುಚ್ಚಿಡದೆ ಹೋಗೋ ಹಾಗಿರಲಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಅಲ್ಲೂ ಪಾರ್ಸಿ ಅಲ್ಲದೋರಿಗೆ ಪ್ರವೇಶ ಇಲ್ಲ. ಆದರೆ ನೋಡಿಕೊಳ್ತಿದ್ದವನಿಗೆ ಗಿರಾಕಿ ಬೇಕಿತ್ತು. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು, ದಿನಕ್ಕೆ ಒಂದೂವರೆ ರೂಪಾಯಿ. ಮಹಡಿ ಮೇಲೆ ಒಬ್ಬರೇ. ಮುರುಕಲು ಸಾಮಾನು, ಬಾವಲಿ, ಮಂದ ದೀಪ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಮನುಷ್ಯ ಸ್ವಾಮಿ!

ಹನ್ನೊಂದನೇ ದಿನ ಬೆಳಿಗ್ಗೆ ಆಫೀಸಿಗೆ ಹೊರಡೋ ಹೊತ್ತಿಗೆ ಹತ್ತು-ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದರು. ಒಂದು ವಾರ ಟೈಮ್ ಕೇಳಿದರೂ ಕೊಡಲಿಲ್ಲ. ಸಂಜೆಯೊಳಗೆ ಖಾಲಿ ಮಾಡ್ಬೇಕು. ಊರಲ್ಲಿ ಇಬ್ಬರು ಗೆಳೆಯರಿದ್ದರು. ಹಿಂದೂ ಗೆಳೆಯ, ನೀನು ಬಂದ್ರೆ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರೈಸ್ತ ಗೆಳೆಯ, ಹೆಂಡತಿ ನಾಳೆ ಬರ್ತಾಳೆ, ಕೇಳಿ ಹೇಳ್ತೀನಿ ಅಂದ. "ನಮಗೇನಿಲ್ಲಪ್ಪ, ಅಕ್ಕಪಕ್ಕದೋರು ಏನಂತಾರೋ" ಅಂತ ಇವತ್ತು ಕೇಳಿಸ್ಕೊಳ್ತೀವಲ್ಲ, ಆ ಮಾತಿನ ಅಜ್ಜ ಇದು. ಕಾಮಾಟಿಬಾಗ್ ಉದ್ಯಾನದಲ್ಲಿ ಐದು ಗಂಟೆ ಕಾಲ ಕೂತಿದ್ದು, ರಾತ್ರಿ ರೈಲಿಗೆ ಮುಂಬೈಗೆ ವಾಪಸಾದರು. ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಚಿಕ್ಕ ಪುಸ್ತಕ, ಓದದೋರು ಓದಿ.

ಮುಂಬೈನಲ್ಲಿ ಅವರ ಸಂಸಾರ ವರ್ಷಗಟ್ಟಲೆ ಇದ್ದದ್ದು ಪರೇಲಿನ ಬಿಐಟಿ ಚಾಳಿನ ಎರಡು ಕೋಣೆಯಲ್ಲಿ. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿಸಿದ ಚಾಳು ಅದು. ಸ್ವಂತ ಮನೆ ರಾಜಗೃಹ ಆಗಿದ್ದು 1930ರ ದಶಕದಲ್ಲಿ, ದಾದರಿನ ಹಿಂದೂ ಕಾಲೋನಿಯಲ್ಲಿ. ಕಾಲೋನಿ ಹೆಸರು ಗಮನಿಸಿ.

ಅದೇ 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ-ಬೆಳಕಿನ ಬಡಾವಣೆ ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಬಸವನಗುಡಿಯ ಯೋಜನೆಯಲ್ಲೇ ಜಾತಿ-ಸಮುದಾಯ ನೋಡಿ ಬ್ಲಾಕು ವಿಂಗಡಿಸಿದ್ದರು. ಇಲಿಗೆ ಜಾತಿ ಗೊತ್ತಿರಲಿಲ್ಲ, ನಕ್ಷೆ ಬರೆದೋರಿಗೆ ಗೊತ್ತಿತ್ತು.

ಸಂವಿಧಾನ ಬಂತಲ್ಲ ಅಂತೀರಾ? 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಹೆಸರಿಸುತ್ತೆ. ಬಾಡಿಗೆ ಮನೆ ಅನ್ನೋ ಮಾತು ಅಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿಗಳ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಅನ್ನೋ ಬೈಲಾ ಇಟ್ಕೋಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿತು. ಪಾರ್ಸಿಗಳ ಮೇಲೆ ನನಗೇನೂ ಹಗೆ ಇಲ್ಲ, ಅವರು ಇರೋದೇ ಬೆರಳೆಣಿಕೆ. ಆ ಬೀಗ ಈಗ ಬೇರೆಯವರ ಗೇಟಿಗೂ ಹೊಂದುತ್ತೆ, ನನ್ನ ತಕರಾರು ಅಷ್ಟೇ.

ಸರ್ಕಾರಿ ಕೆಲಸ ಸಿಕ್ಕಿರೋ ತಮ್ಮಂದಿರೇ, ತಂಗಿಯರೇ, ಮೊದಲು ಕ್ವಾರ್ಟರ್ಸಿಗೆ ಅರ್ಜಿ ಹಾಕಿ. ಅಲ್ಲಿ ನೋಡೋದು ಸಂಬಳದ ಶ್ರೇಣಿ, ಸರದಿ. ಸಿಗೋವರೆಗೆ ನಮ್ಮೋರು ಇರೋ ಬೀದಿಗಳ ಮಾಹಿತಿ ಬೇಕಾದ್ರೆ ಇನ್‌ಬಾಕ್ಸಿಗೆ ಬನ್ನಿ.